ಆಸಿಡ್ ಬಾಟಲಿಗೆ ಕನ್ನಡ ಬರುವುದಿಲ್ಲವೇ?



ಕೆಮಿಸ್ಟ್ರಿ ಎಂದ ಕೂಡಲೇ ನಿಮಗೆ ನೆನಪಾಗುವುದೇನು? ಪಿಯುಸಿ ಲ್ಯಾಬು, ಪಿಪೆಟ್ಟು, ಕೊಳೆತ ಮೊಟ್ಟೆಯ ವಾಸನೆ, ಸಿಇಟಿ ರ‍್ಯಾಂಕು. ಪರೀಕ್ಷೆ ಮುಗಿದ ಮರುದಿನವೇ ಪುಸ್ತಕವನ್ನು ಅವೆನ್ಯೂ ರಸ್ತೆಯಲ್ಲಿ ಮಾರಿ ಕೈತೊಳೆದುಕೊಂಡವರೇ ಹೆಚ್ಚು. ಕೈ ತೊಳೆದದ್ದು ಯಾವುದರಿಂದ ಸ್ವಾಮಿ? ಸೋಪಿನಿಂದ ತಾನೇ? ಅದೂ ಕೆಮಿಸ್ಟ್ರಿಯೇ!

ನಾನು ವಿಜ್ಞಾನಿಯಲ್ಲ. ಓದಿದ್ದು ಪಿಯುಸಿ. ಹೊಟ್ಟೆಪಾಡಿಗೆ ಶಿವಾಜಿನಗರದಲ್ಲಿ ಒಂದು ಪ್ರೆಸ್ಸು. ಮದುವೆ ಕಾರ್ಡು, ಬಿಲ್ ಬುಕ್ಕು, ಕರಪತ್ರ, ಚುನಾವಣೆ ಬಂದರೆ ಒಂದಷ್ಟು ಪೋಸ್ಟರು. ಆದರೆ ಬೆಳಗಿನಿಂದ ರಾತ್ರಿಯವರೆಗೆ ನನ್ನ ಕೈಯಾಡುವುದು ರಸಾಯನದಲ್ಲೇ. ಆ ಹಕ್ಕಿನಿಂದ ಹೇಳುತ್ತಿದ್ದೇನೆ. ರಸಾಯನ ವಿಜ್ಞಾನ ಇಂಗ್ಲಿಷ್ ಬಲ್ಲವರ ಪಿತ್ರಾರ್ಜಿತ ಆಸ್ತಿಯಲ್ಲ. ಈ ನಾಡಿನ ಕೈಗಳು ಅದನ್ನು ಮಾಡಿ ತೋರಿಸಿವೆ, ಈ ನಾಡಿನ ಮಾತು ಅದನ್ನು ಹೇಳಿ ತೋರಿಸಿದೆ. ಇವತ್ತು ಅದನ್ನು ಕನ್ನಡದಲ್ಲಿ ಹೇಳದೆ ಬಿಟ್ಟರೆ ಭಾಷೆಯ ಮಾನದ ಜೊತೆಗೆ ಬಡವರ ಉಸಿರೂ ಹೋಗುತ್ತದೆ. ಹೇಗೆ ಅಂತೀರಾ? ನನ್ನ ಕಸುಬಿನಿಂದಲೇ ಶುರು ಮಾಡುತ್ತೇನೆ.

ಕಲ್ಲಿನಿಂದ ಹುಟ್ಟಿದ ಕನ್ನಡ ಪತ್ರಿಕೆ

ಪ್ರತಿ ವರ್ಷ ಜುಲೈ 1ರಂದು ಕರ್ನಾಟಕದಲ್ಲಿ ಪತ್ರಿಕಾ ದಿನಾಚರಣೆ. ಹಾರ, ಶಾಲು, ಭಾಷಣ. 1843ರ ಆ ದಿನ ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ 'ಮಂಗಳೂರ ಸಮಾಚಾರ' ಹೊರಡಿಸಿದರು. ಕನ್ನಡದ ಮೊದಲ ಪತ್ರಿಕೆ ಅದು ಎಂದು ಎಲ್ಲರೂ ಹೇಳುತ್ತಾರೆ. ಆದರೆ ಅದು ಅಚ್ಚಾದದ್ದು ಹೇಗೆ ಎಂದು ಎಷ್ಟು ಜನ ಹೇಳುತ್ತಾರೆ? ಅಚ್ಚುಮೊಳೆಯಿಂದಲ್ಲ. ಕಲ್ಲಿನಿಂದ! ಕಲ್ಲಚ್ಚು.

ಈ ಉಪಾಯ ಕಂಡುಹಿಡಿದವನು ಜರ್ಮನಿಯ ಬವೇರಿಯಾದ ಅಲೋಯಿಸ್ ಸೆನೆಫೆಲ್ಡರ್, 1796ರಲ್ಲಿ. ನಯ ಮಾಡಿದ ಸುಣ್ಣದ ಕಲ್ಲಿನ ಮೇಲೆ ಜಿಡ್ಡಿನ ಮಸಿಯಿಂದ ಬರೆಯಬೇಕು. ಮೇಲೆ ಅರೇಬಿಕ್ ಗೋಂದು, ಒಂದಿಷ್ಟು ನೈಟ್ರಿಕ್ ಆಮ್ಲ ಬಳಿಯಬೇಕು. ಆಮೇಲೆ ಕಲ್ಲನ್ನು ಒದ್ದೆ ಮಾಡಿದರೆ ಬರಹವಿಲ್ಲದ ಕಡೆ ನೀರು ನಿಲ್ಲುತ್ತದೆ, ಬರಹವಿರುವ ಕಡೆ ನಿಲ್ಲುವುದಿಲ್ಲ. ಈಗ ಎಣ್ಣೆಯ ಇಂಕಿನ ರೋಲರ್ ಉರುಳಿಸಿ. ನೀರಿದ್ದ ಕಡೆ ಇಂಕು ಹತ್ತುವುದಿಲ್ಲ, ಜಿಡ್ಡಿದ್ದ ಕಡೆ ಹತ್ತುತ್ತದೆ. ಕಾಗದ ಒತ್ತಿದರೆ ಪತ್ರಿಕೆ ರೆಡಿ. ಎಣ್ಣೆಗೂ ನೀರಿಗೂ ಎಣ್ಣೆ ಸೀಗೆಕಾಯಿ ಸಂಬಂಧ ಎಂಬ ಅಡುಗೆಮನೆಯ ಸತ್ಯವೇ ಕನ್ನಡ ಪತ್ರಿಕೋದ್ಯಮದ ಅಡಿಪಾಯ!

ಇವತ್ತಿನ ಆಫ್‌ಸೆಟ್ ಮೆಷೀನಿನಲ್ಲೂ ನಡೆಯುವುದು ಇದೇ. ಕಲ್ಲಿನ ಜಾಗಕ್ಕೆ ಅಲ್ಯೂಮಿನಿಯಂ ಪ್ಲೇಟು ಬಂದಿದೆ, ಅಷ್ಟೇ. ನಡುವೆ ನಮ್ಮಪ್ಪನ ಕಾಲದ ಟ್ರೆಡಲ್ ಬಂದು ಹೋಯಿತು. ಅದರ ಮೊಳೆ ಸೀಸ, ತವರ, ಆಂಟಿಮನಿಗಳ ಬೆರಕೆ. ಬರೀ ಸೀಸವಾದರೆ ಮೆತ್ತಗೆ. ಆಂಟಿಮನಿ ಸೇರಿದರೆ ಮೊಳೆ ಗಟ್ಟಿ, ಆರುವಾಗ ಕುಗ್ಗುವುದೂ ಕಡಿಮೆ. ಕನ್ನಡದ ಸಣ್ಣ ಒತ್ತಕ್ಷರ ಸವೆಯದೆ ನಿಂತದ್ದು ಆ ಲೋಹದ ದಯೆಯಿಂದ.

ಬಜ್ಜಿಗೆ ನನ್ನ ಕಾಗದ ಬೇಡ

ಇಂಕು ಆರುವುದು ನೀರು ಆರಿದಂತೆ ಎಂದು ತಿಳಿದಿದ್ದೀರಾ? ಅಗಸೆ ಎಣ್ಣೆಯ ಹಳೆಯ ಇಂಕು ಆವಿಯಾಗಿ ಆರುವುದಿಲ್ಲ. ಗಾಳಿಯ ಆಮ್ಲಜನಕವನ್ನು ಹಿಡಿದುಕೊಂಡು, ಎಣ್ಣೆಯ ಕಣಕ್ಕೆ ಕಣ ಕೊಂಡಿ ಹಾಕಿಕೊಂಡು ಗಟ್ಟಿ ಪೊರೆಯಾಗುತ್ತದೆ. ದಿನಪತ್ರಿಕೆಯ ಇಂಕಿನ ಜಾತಿಯೇ ಬೇರೆ. ಅದರಲ್ಲಿ ಹೆಚ್ಚಾಗಿ ಇರುವುದು ಪೆಟ್ರೋಲಿಯಂ ಮೂಲದ ಖನಿಜ ತೈಲ. ಅದು ಆರುವುದೇ ಇಲ್ಲ, ಕಾಗದದೊಳಗೆ ಇಂಗಿ ಕೂರುತ್ತದೆ. ಬೆಳಿಗ್ಗೆ ಪೇಪರ್ ಓದಿದ ಮೇಲೆ ಬೆರಳು ಕಪ್ಪಾಗುವುದು ಇದಕ್ಕೇ.

ಇನ್ನು ಅದೇ ಪೇಪರಿನಲ್ಲಿ ಬಿಸಿ ಬಜ್ಜಿ ಕಟ್ಟಿದರೆ? ಬಿಸಿ ಎಣ್ಣೆ ಆ ತೈಲವನ್ನೂ ಬಣ್ಣವನ್ನೂ ಕರಗಿಸಿ ಬಜ್ಜಿಗೆ ಹತ್ತಿಸುತ್ತದೆ. ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ಪ್ಯಾಕೇಜಿಂಗ್ ನಿಯಮದಲ್ಲೇ ತಿಂಡಿಗೆ ಸುದ್ದಿಪತ್ರಿಕೆ ಬಳಸಬಾರದು ಎಂದಿದೆ. ರಸ್ಸೆಲ್ ಮಾರ್ಕೆಟ್ ಸುತ್ತ ಸಂಜೆ ಒಂದು ಸುತ್ತು ಹಾಕಿ, ಆ ನಿಯಮದ ಗತಿ ಏನೆಂದು ನೋಡಿ! ಅಚ್ಚು ಹಾಕುವವನಾಗಿ ಹೇಳುತ್ತೇನೆ: ಈ ಪತ್ರಿಕೆಯನ್ನು ಓದಿ, ಹಂಚಿ, ಜಗಳ ಬೇಕಾದರೂ ಆಡಿ. ಬಜ್ಜಿ ಮಾತ್ರ ಕಟ್ಟಬೇಡಿ.

ಬೆರಳಿನ ಮಸಿ, ಮೈಯ ಸೋಪು

ಕೈಗೆ ಹತ್ತಿದ ಇಂಕನ್ನು ಸೀಮೆಎಣ್ಣೆಯಲ್ಲಿ ಒರೆಸಿದರೆ ಹೋಗುತ್ತದೆ. ಹೋಗದ ಇಂಕು ಒಂದಿದೆ. ಓಟು ಹಾಕಿದಾಗ ಬೆರಳಿಗೆ ಹಚ್ಚುತ್ತಾರಲ್ಲ, ಅದು. 1962ರ ಮೂರನೇ ಮಹಾಚುನಾವಣೆಯಿಂದ ಅದನ್ನು ಇಡೀ ದೇಶಕ್ಕೆ ಮಾಡಿಕೊಡುತ್ತಿರುವುದು ನಮ್ಮ ಮೈಸೂರಿನ ಕಾರ್ಖಾನೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ, ಅರಗು ಮತ್ತು ಬಣ್ಣದ ಕಾರ್ಖಾನೆಯಾಗಿ ಶುರುವಾದದ್ದು. ಇಂದಿನ ಮೈಸೂರ್ ಪೇಂಟ್ಸ್ ಅಂಡ್ ವಾರ್ನಿಷ್. ಸೂತ್ರ ರೂಪಿಸಿದ್ದು ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯ. ಅದರ ಒಳಗುಟ್ಟು ಬೆಳ್ಳಿಯ ನೈಟ್ರೇಟ್. ಅದು ಚರ್ಮದ ಉಪ್ಪಿನ ಜೊತೆ ಸೇರಿ ಬೆಳ್ಳಿಯ ಕ್ಲೋರೈಡ್ ಆಗುತ್ತದೆ, ಬೆಳಕು ಬಿದ್ದರೆ ಕಪ್ಪಾಗುತ್ತದೆ. ಉಜ್ಜಿದರೆ ಹೋಗದು. ಚರ್ಮ ಉದುರಬೇಕು, ಉಗುರು ಬೆಳೆಯಬೇಕು. ಹಳೆಯ ಕಪ್ಪು ಬಿಳುಪು ಫೋಟೋ ಮೂಡುತ್ತಿದ್ದದ್ದೂ ಬೆಳ್ಳಿಯ ಇದೇ ಗುಣದಿಂದ. ಕರ್ನಾಟಕದ ಈ ಮಸಿ ಹತ್ತಾರು ಹೊರದೇಶಗಳ ಬೆರಳನ್ನೂ ಮುಟ್ಟಿದೆ.

ಸೋಪಿನ ಕಥೆ ಇನ್ನೂ ಹಿಂದಿನದು. ಮೊದಲ ಮಹಾಯುದ್ಧ ಬಂತು, ಯುರೋಪಿಗೆ ಹೋಗುತ್ತಿದ್ದ ಮೈಸೂರಿನ ಶ್ರೀಗಂಧದ ವ್ಯಾಪಾರ ನಿಂತಿತು. ಮರ ರಾಶಿ ಬಿತ್ತು. ದಿವಾನ್ ವಿಶ್ವೇಶ್ವರಯ್ಯನವರ ಕಾಲ. ಮರ ಮಾರುವ ಬದಲು ಎಣ್ಣೆ ತೆಗೆದು ಮಾರೋಣ ಎಂದಿತು ಸಂಸ್ಥಾನ. ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನ ಸಡ್‌ಬರೋ ಮತ್ತು ವಾಟ್ಸನ್ ಎಣ್ಣೆ ಬಟ್ಟಿ ಇಳಿಸುವ ದಾರಿ ತೋರಿಸಿದರು. ಸೋಪಿನ ವಿದ್ಯೆ ಕಲಿಯಲು ಸೋಸಲೆ ಗರಳಪುರಿ ಶಾಸ್ತ್ರಿಗಳು ಇಂಗ್ಲೆಂಡಿಗೆ ಹೋಗಿ ಬಂದರು. 1918ರಲ್ಲಿ ಮೈಸೂರು ಸ್ಯಾಂಡಲ್ ಸೋಪು ಅಂಗಡಿಗೆ ಬಂತು. ಎಣ್ಣೆಗೆ ಕಾಸ್ಟಿಕ್ ಸೋಡಾ ಕೂಡಿದರೆ ಸೋಪು ಮತ್ತು ಗ್ಲಿಸರಿನ್. ಸೋಪಿನ ಕಣಕ್ಕೆ ಒಂದು ತುದಿಯಲ್ಲಿ ಎಣ್ಣೆಯ ಸ್ನೇಹ, ಇನ್ನೊಂದು ತುದಿಯಲ್ಲಿ ನೀರಿನ ಸ್ನೇಹ. ಕಲ್ಲಚ್ಚಿನಲ್ಲಿ ದೂರ ನಿಂತ ಇಬ್ಬರನ್ನು ಇದು ರಾಜಿ ಮಾಡಿಸುತ್ತದೆ. ಕೊಳೆ ಹೋಗುವುದು ಹಾಗೆ.

ಇನ್ನೊಂದು ವಿಷಯ ಕೇಳಿ. ಸೋಪು ಬಂದ ಅದೇ 1918ರಲ್ಲಿ 'ವಿಜ್ಞಾನ' ಎಂಬ ಕನ್ನಡ ಮಾಸಪತ್ರಿಕೆಯೂ ಬೆಂಗಳೂರಿನಿಂದ ಹೊರಟಿತು! ನಡೆಸಿದವರು ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್. ಕಾರ್ಖಾನೆಯ ಜೊತೆಜೊತೆಗೇ ಅದರ ಹಿಂದಿನ ವಿದ್ಯೆಯೂ ಜನರ ಭಾಷೆಗೆ ಬರಬೇಕು ಎಂಬ ಬುದ್ಧಿ ಆ ಹಿರಿಯರಿಗಿತ್ತು. ಮುಂದೆ ಮೈಸೂರಿನ ಕೆಮಿಸ್ಟ್ರಿ ಮೇಷ್ಟ್ರು ಜೆ.ಆರ್. ಲಕ್ಷ್ಮಣರಾಯರು ಜೀವಮಾನವಿಡೀ ಕನ್ನಡದಲ್ಲೇ ವಿಜ್ಞಾನ ಬರೆದರು. "ಕನ್ನಡದಲ್ಲಿ ಸೈನ್ಸ್ ಆಗಲ್ಲ ಬಿಡಿ" ಎಂದು ಮೂಗು ಮುರಿಯುವವರು ಉತ್ತರ ಕೊಡಬೇಕಾದದ್ದು ನನಗಲ್ಲ, ಇವರಿಗೆ.

ಪದ ಕಷ್ಟವಂತೆ! ಆಮ್ಲಜನಕ ಕಷ್ಟ, ಆಕ್ಸಿಜನ್ ಸುಲಭವಂತೆ. ಆಕ್ಸಿಜನ್ ಎಂದರೆ ಗ್ರೀಕಿನಲ್ಲಿ ಏನು? ಆಮ್ಲ ಹುಟ್ಟಿಸುವುದು ಅಂತಲೇ. ಹೆಸರಿಟ್ಟ ಫ್ರಾನ್ಸಿನ ಲವಾಸಿಯೆ ಎಲ್ಲ ಆಮ್ಲದಲ್ಲೂ ಆ ಅನಿಲವಿದೆ ಎಂದು ನಂಬಿದ್ದ. ಅದು ಸರಿಯಲ್ಲ ಎಂದು 1810ರ ಹೊತ್ತಿಗೆ ಹಂಫ್ರಿ ಡೇವಿ ತೋರಿಸಿದ. ಅವನು ಪರೀಕ್ಷೆ ಮಾಡಿದ ಆಮ್ಲ ಯಾವುದು ಗೊತ್ತೇ? ನಿಮ್ಮ ಬಚ್ಚಲುಮನೆಯ ಮೂಲೆಯಲ್ಲಿರುವ ಹೈಡ್ರೋಕ್ಲೋರಿಕ್ ಆಮ್ಲ. ನಾನು ಹೇಳಬೇಕಾದ ಮುಖ್ಯ ಮಾತು ಇಲ್ಲಿಂದ ಶುರು.

ಬಚ್ಚಲಿನಲ್ಲಿ ಯುದ್ಧದ ಅನಿಲ

ನಮ್ಮ ಶಿವಾಜಿನಗರದ ಕಲಾಯಿಯವರನ್ನು ನೋಡಿದ್ದೀರಾ? ಬಿರಿಯಾನಿಯ ತಾಮ್ರದ ಹಂಡೆಯನ್ನು ಕಾಯಿಸಿ ನವಸಾಗರ ಎರಚುತ್ತಾರೆ. ಬಿಳಿ ಹೊಗೆ ಏಳುತ್ತದೆ. ಬಿಸಿಗೆ ನವಸಾಗರ ಒಡೆದು ಹುಟ್ಟುವ ಆಮ್ಲದ ಆವಿ ತಾಮ್ರದ ಕಿಲುಬನ್ನು ಕಿತ್ತುಹಾಕುತ್ತದೆ, ಆಮೇಲೆ ತವರ ಅಂಟುತ್ತದೆ. ಕಲಾಯಿ ಇಲ್ಲದ ಹಂಡೆಯಲ್ಲಿ ಹುಳಿ ಬೇಯಿಸಿದರೆ ತಾಮ್ರ ಊಟಕ್ಕಿಳಿಯುತ್ತದೆ ಎಂಬುದು ಅವರಿಗೆ ಗೊತ್ತು. ಹೊಗೆ ಬಂದಾಗ ಮುಖ ತಿರುಗಿಸಬೇಕು ಎಂಬುದೂ ಗೊತ್ತು. ಏಕೆಂದರೆ ಕಲಿಸಿದ ಗುರು ಅವರಿಗೆ ತಿಳಿಯುವ ಮಾತಿನಲ್ಲಿ ಹೇಳಿಕೊಟ್ಟ.

ಈಗ ಇಂದಿರಾನಗರದ ಒಂದು ಅಪಾರ್ಟ್‌ಮೆಂಟಿಗೆ ಬನ್ನಿ. ರಾಯಚೂರು, ಯಾದಗಿರಿ ಕಡೆಯಿಂದ ಕೆಲಸ ಹುಡುಕಿ ಬಂದ ತಾಯಿ ಬಚ್ಚಲು ತೊಳೆಯುತ್ತಿದ್ದಾಳೆ. ಒಂದು ಕೈಯಲ್ಲಿ ಟಾಯ್ಲೆಟ್ ತೊಳೆಯುವ ಆಸಿಡ್, ಇನ್ನೊಂದರಲ್ಲಿ ಬ್ಲೀಚಿಂಗ್ ಪೌಡರ್. ಎರಡೂ ಕೊಳೆ ತೆಗೆಯುತ್ತವೆ, ಎರಡನ್ನೂ ಸೇರಿಸಿದರೆ ಇನ್ನೂ ಚೆನ್ನಾಗಿ ಹೋದೀತು ಎಂದು ಯಾರಿಗಾದರೂ ಅನ್ನಿಸುತ್ತದೆ. ಸೇರಿಸಿದರೆ ಏಳುವುದು ಕ್ಲೋರಿನ್! 1915ರ ಏಪ್ರಿಲ್ 22ರಂದು ಬೆಲ್ಜಿಯಂನ ಈಪ್ರ್ ಬಳಿ ಜರ್ಮನ್ ಸೇನೆ ಶತ್ರುಗಳ ಕಂದಕಗಳತ್ತ ಹರಿಯಬಿಟ್ಟ ಅದೇ ವಿಷ ಅನಿಲ. ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರ. ಮೇಲೇರುವುದಿಲ್ಲ, ನೆಲದ ಮಟ್ಟದಲ್ಲೇ ನಿಲ್ಲುತ್ತದೆ. ಕುಕ್ಕರಗಾಲಿನಲ್ಲಿ ಕೂತು ನೆಲ ಉಜ್ಜುವವಳ ಮೂಗು ಇರುವುದೂ ಅಲ್ಲೇ. ಕಿಟಕಿ ಸಣ್ಣದು, ಬಾಗಿಲು ಮುಚ್ಚಿದೆ. ಕಣ್ಣು ಉರಿ, ಕೆಮ್ಮು, ಎದೆಬಿಗಿತ. ಹೆಚ್ಚಾದರೆ ಶ್ವಾಸಕೋಶದಲ್ಲಿ ನೀರು ತುಂಬಿ ಪ್ರಾಣಕ್ಕೇ ಸಂಚಕಾರ.

ಅದೇ ಕ್ಲೋರಿನ್ ಹದವಾಗಿ ಬಿದ್ದರೆ ನಲ್ಲಿ ನೀರಿನ ರೋಗಾಣು ಕೊಂದು ನಮ್ಮನ್ನು ಕಾಯುತ್ತದೆ. ಕೊಲ್ಲುವುದಕ್ಕೂ ಕಾಯುವುದಕ್ಕೂ ನಡುವೆ ಇರುವುದು ಪ್ರಮಾಣ, ಆ ಪ್ರಮಾಣ ತಿಳಿಸುವ ಒಂದು ಸಾಲು. ಆ ಸಾಲು ಬಾಟಲಿಯ ಮೇಲೆ ಇದ್ದರೂ ಯಾವ ಭಾಷೆಯಲ್ಲಿದೆ? ಸಾಸಿವೆಕಾಳಿನಂಥ ಇಂಗ್ಲಿಷ್ ಅಕ್ಷರದಲ್ಲಿ!

ಹೊಲದ ವಿಷಕ್ಕೊಂದು ನ್ಯಾಯ, ಬಚ್ಚಲಿನ ವಿಷಕ್ಕೊಂದು

ಕಾನೂನು ಏನು ಹೇಳುತ್ತದೆ ನೋಡಿ. ಹೊಲಕ್ಕೆ ಹೊಡೆಯುವ ಕೀಟನಾಶಕಕ್ಕೆ 1971ರ ನಿಯಮವಿದೆ. ಹಿಂದಿ, ಇಂಗ್ಲಿಷ್ ಜೊತೆಗೆ ಆ ಪ್ರದೇಶದ ಭಾಷೆಯಲ್ಲೂ ಲೇಬಲ್ ಇರಬೇಕು. ಸರಿಯಾದ ನಿಯಮ. ಆದರೆ ಅಂಗಡಿಯ ಉಳಿದ ಪೊಟ್ಟಣಗಳಿಗೆ 2011ರ ಕೇಂದ್ರ ನಿಯಮದ ಪ್ರಕಾರ ಕಡ್ಡಾಯ ವಿವರಗಳು ದೇವನಾಗರಿ ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಇದ್ದರೆ ಸಾಕು. ಬೇರೆ ಭಾಷೆ? ಬೇಕಿದ್ದರೆ ಜೊತೆಗೆ ಹಾಕಿಕೊಳ್ಳಿ! ಅಂದರೆ ಹಾಕದಿದ್ದರೂ ಕೇಳುವವರಿಲ್ಲ.

ನಮ್ಮ ರಾಜ್ಯದ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆ 2024ರ ಮಾರ್ಚಿನಲ್ಲಿ ಜಾರಿಗೆ ಬಂತು. ಕರ್ನಾಟಕದಲ್ಲಿ ತಯಾರಾಗುವ ವಸ್ತುಗಳ ಹೆಸರು ಮತ್ತು ಬಳಸುವ ವಿಧಾನ ಸಾಧ್ಯವಾದ ಮಟ್ಟಿಗೆ ಕನ್ನಡದಲ್ಲೂ ಇರಬೇಕು ಎಂದು ಅದು ಹೇಳುತ್ತದೆ. ಸಂತೋಷ. ಆದರೆ "ಸಾಧ್ಯವಾದ ಮಟ್ಟಿಗೆ" ಎಂಬ ಕಿಂಡಿಯಲ್ಲಿ ಆನೆಯೇ ತೂರಿಹೋಗುತ್ತದೆ. ಹೊರರಾಜ್ಯದಲ್ಲಿ ತಯಾರಾಗಿ ಇಲ್ಲಿ ಮಾರಾಟವಾಗುವ ಬಾಟಲಿಗೆ ಆ ಮಾತು ತಾಗುವುದೂ ಇಲ್ಲ.

ಖರ್ಚು ಹೆಚ್ಚಾಗುತ್ತದೆ ಎಂಬ ನೆಪ ಹೇಳುತ್ತಾರೆ. ಲೇಬಲ್ ಅಚ್ಚು ಹಾಕುವುದು ನನ್ನ ಕಸುಬು ಸ್ವಾಮಿ, ನನಗೆ ಪಾಠ ಹೇಳಬೇಡಿ. ಹೇಗೂ ಹಾಕುವ ಲೇಬಲ್ಲಿನಲ್ಲಿ ನಾಲ್ಕು ಸಾಲು ಕನ್ನಡ ಸೇರಿಸಿದರೆ ಪ್ಲೇಟು ಹೆಚ್ಚುವುದಿಲ್ಲ, ಹಿಡಿಯುವ ಇಂಕು ಲೆಕ್ಕಕ್ಕೇ ಬರುವುದಿಲ್ಲ. ಬೇಕಾಗಿರುವುದು ಮನಸ್ಸು. ನಮ್ಮ ಕೇರಿಯಲ್ಲಿ ಉರ್ದು, ತಮಿಳು ಆಡುವವರೂ ಇದ್ದಾರೆ. ಅವರ ಭಾಷೆಯಲ್ಲೂ ಒಂದೊಂದು ಸಾಲು ಹಾಕಲಿ, ಯಾರು ಬೇಡ ಅಂದರು? ಅವರ ಶ್ವಾಸಕೋಶವೂ ಶ್ವಾಸಕೋಶವೇ. ಆದರೆ ಈ ನಾಡಿನ ಭಾಷೆಯೇ ಬಾಟಲಿಯ ಮೇಲಿಲ್ಲ ಎಂದರೆ ಅದನ್ನು ಒಪ್ಪಿಕೊಳ್ಳಲು ಸಾಧ್ಯವಿಲ್ಲ.

ಯುವಕರೇ, ಕನ್ನಡದ ಹೋರಾಟ ಎಂದರೆ ಬೋರ್ಡಿಗೆ ಮಸಿ ಬಳಿಯುವುದು ಮಾತ್ರವೇ? ಮಸಿಯಿಂದ ಬರೆಯಲೂ ಬರುತ್ತದೆ! ಸೈನ್ಸ್ ಓದಿದವರು ನೀವು. ನಿಮ್ಮ ಮನೆಯಲ್ಲಿ, ಪಿಜಿಯಲ್ಲಿ, ಆಫೀಸಿನಲ್ಲಿ ಕೆಲಸ ಮಾಡುವವರಿಗೆ ಇದನ್ನು ಬಾಯಲ್ಲಿ ಹೇಳಿ. ಓದು ಬರುವವರಿಗಾಗಿ ಈ ಚೀಟಿ ಬರೆದು ಬಾಟಲಿಗೆ ಅಂಟಿಸಿ:

ಇದು ಆಸಿಡ್. ಬ್ಲೀಚಿಂಗ್ ಪೌಡರ್ ಜೊತೆ ಬೆರೆಸಬೇಡಿ. ವಿಷಗಾಳಿ ಏಳುತ್ತದೆ.
ಬಾಗಿಲು, ಕಿಟಕಿ ತೆರೆದಿಟ್ಟು ತೊಳೆಯಿರಿ.
ಉಸಿರು ಕಟ್ಟಿದರೆ ಕೂಡಲೇ ಹೊರಗೆ ಬನ್ನಿ, ಆಸ್ಪತ್ರೆಗೆ ಹೋಗಿ.
ಕಣ್ಣಿಗೆ ಬಿದ್ದರೆ ಕಾಲು ಗಂಟೆ ಬರೀ ನೀರಿನಲ್ಲಿ ತೊಳೆದು, ಆಸ್ಪತ್ರೆಗೆ ಹೋಗಿ.

ನಿಮ್ಮ ಏರಿಯಾದಲ್ಲಿ ಹಂಚುವ ಗುಂಪು ಕಟ್ಟಿಕೊಂಡು ಬಂದರೆ ಈ ಚೀಟಿಯನ್ನು ಕಾಗದದ ಖರ್ಚಿಗಷ್ಟೇ ಅಚ್ಚು ಹಾಕಿಕೊಡುತ್ತೇನೆ. ಆಮೇಲೆ ಸರ್ಕಾರಕ್ಕೆ ಪತ್ರ ಬರೆಯಿರಿ. ಎಲ್ಲೇ ತಯಾರಾಗಲಿ, ಕರ್ನಾಟಕದಲ್ಲಿ ಮಾರುವ ಪ್ರತಿ ಅಪಾಯದ ಬಾಟಲಿಯ ಮೇಲೂ ಎಚ್ಚರಿಕೆ ಕನ್ನಡದಲ್ಲಿ, ಕಣ್ಣಿಗೆ ಕಾಣುವ ಅಕ್ಷರದಲ್ಲಿ ಇರಬೇಕು. "ಸಾಧ್ಯವಾದ ಮಟ್ಟಿಗೆ" ಅಲ್ಲ, ಕಡ್ಡಾಯವಾಗಿ. ಕೇಂದ್ರದ ನಿಯಮ ಅಡ್ಡ ಬಂದರೆ ಆ ನಿಯಮ ತಿದ್ದುವಂತೆ ನಮ್ಮ ಸಂಸದರು ದೆಹಲಿಯಲ್ಲಿ ಬಾಯಿ ಬಿಡಲಿ. ಅವರಿಗೆ ಓಟು ಹಾಕಿದಾಗ ನಿಮ್ಮ ಬೆರಳಿಗೆ ಹತ್ತಿದ ಮೈಸೂರಿನ ಮಸಿಗಾದರೂ ಲೆಕ್ಕ ಕೇಳಿ!