ಗಾಜಿನ ಪೆಟ್ಟಿಗೆಯ ಬಳಿ ತಾಯಿಗೇನು ಕೆಲಸ?

"ಮಗುವನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದಾರಂತಲ್ಲ, ಇನ್ನು ತಾಯಿಗೆ ಅಲ್ಲೇನು ಕೆಲಸ? ನಾಲ್ಕು ದಿನ ಬಿಟ್ಟು ಕೆಲಸಕ್ಕೆ ಬರಲಿ." ತೋಟದ ರೈಟರೊಬ್ಬರು ನಮ್ಮೊಡನೆ ಆಡಿದ ಮಾತಿದು. ಅವರು ಕೆಟ್ಟ ಮನುಷ್ಯರೇನಲ್ಲ. ಇದೇ ಮಾತನ್ನು ಮೇಸ್ತ್ರಿ ಹೇಳುತ್ತಾನೆ, ಗಂಡನ ಮನೆಯವರು ಹೇಳುತ್ತಾರೆ, ಆಸ್ಪತ್ರೆಯ ಬಾಗಿಲಲ್ಲಿ ಕುಳಿತ ಕಾವಲಿನವನೂ ಹೇಳುತ್ತಾನೆ. ಎಲ್ಲರೂ ಒಂದೇ ಸ್ವರದಲ್ಲಿ ಹೇಳುವುದರಿಂದ ಆ ಬಡ ಬಾಣಂತಿಗೂ ಅದೇ ಸರಿಯೆಂದು ತೋರುತ್ತದೆ. ಆದುದರಿಂದ ಅಡೂರಿನ ಸುತ್ತಮುತ್ತ ರಬ್ಬರು, ಗೇರು, ಅಡಿಕೆ ತೋಟಗಳಲ್ಲಿ ದುಡಿದು ಬದುಕುವ ನಾವು ಈ ಪ್ರಶ್ನೆಗೆ ಬಾಯಿಬಿಟ್ಟು ಉತ್ತರ ಕೊಡಬೇಕಾಗಿದೆ. ಅಲ್ಲಿ ತಾಯಿಗೆ ಕೆಲಸವಿದೆ, ಸ್ವಾಮಿ. ತೋಟದ ಕೆಲಸಕ್ಕಿಂತ ಹೆಚ್ಚಿನ ಕೆಲಸವಿದೆ.

ಆ ಕೆಲಸ ಯಾವುದೆಂದು ಮೊದಲು ಹೇಳುತ್ತೇವೆ. ಮೂವತ್ತೇಳು ವಾರ ತುಂಬುವ ಮೊದಲೇ ಹುಟ್ಟಿದ ಮಗುವನ್ನು ದಿನ ತುಂಬದ ಮಗು ಎನ್ನುತ್ತಾರೆ. ಮೂವತ್ತೆರಡು ವಾರಕ್ಕೆ ಹುಟ್ಟಿದ ಕೂಸಿಗೆ ಹಸಿವು ಇರುತ್ತದೆ, ಆದರೆ ಚೀಪಿ, ನುಂಗಿ, ಉಸಿರೆಳೆಯುವ ಮೂರನ್ನೂ ಜೊತೆಯಾಗಿ ಮಾಡಲು ಬರುವುದಿಲ್ಲ. ಅದು ಬರುವುದು ಸುಮಾರು ಮೂವತ್ತನಾಲ್ಕನೇ ವಾರಕ್ಕೆ. ಅಲ್ಲಿಯವರೆಗೆ ಮೂಗಿನಲ್ಲೋ ಬಾಯಲ್ಲೋ ಇಳಿಸಿದ ಸಣ್ಣ ನಳಿಗೆಯಲ್ಲಿ ಹಾಲು ಹೋಗಬೇಕು. ಆಮೇಲೆ ಒಳಲೆಯಲ್ಲಿ, ತೊಟ್ಟು ತೊಟ್ಟಾಗಿ. ಈ ಹಾಲು ಎಲ್ಲಿಂದ ಬರುತ್ತದೆ? ತಾಯಿ ಕೈಯಿಂದ ಹಿಂಡಿ ಸ್ಟೀಲಿನ ಬಟ್ಟಲಲ್ಲಿ ಕೊಡಬೇಕು. ಹಗಲೂ ರಾತ್ರಿಯೂ ಸೇರಿ ದಿನಕ್ಕೆ ಎಂಟು ಸಲ, ಎರಡು ಮೂರು ಗಂಟೆಗೊಮ್ಮೆ. ಮೊದಲ ದಿನ ಒಂದು ಚಮಚವೂ ಬರುವುದಿಲ್ಲ. ಹಳದಿ ಬಣ್ಣದ ನಾಲ್ಕು ಹನಿ ಬರುತ್ತದೆ. ಆ ನಾಲ್ಕು ಹನಿಗೆ ಸಮನಾದ ಔಷಧ ಯಾವ ಅಂಗಡಿಯಲ್ಲೂ ಇಲ್ಲ. ದಿನ ತುಂಬದ ಮಗುವಿನ ಎಳೆಯ ಕರುಳು ಕೊಳೆಯುವ ಒಂದು ರೋಗವಿದೆ, ಸೋಂಕುಗಳಿವೆ. ಅವುಗಳಿಂದ ಕಾಯಲು ತಾಯಿಹಾಲಿನಷ್ಟು ಸಮರ್ಥವಾದದ್ದು ಬೇರೆ ಇಲ್ಲ.

ಹಸು ಸಾಕಿದವರಿಗೆ ನಾವು ಹೆಚ್ಚು ಹೇಳಬೇಕಾಗಿಲ್ಲ. ಕರೆಯದೆ ಬಿಟ್ಟ ಹಸು ಬತ್ತುತ್ತದೆ. ಹೆತ್ತ ಮೊದಲ ಹತ್ತು ಹದಿನೈದು ದಿನಗಳಲ್ಲಿ ಸರಿಯಾಗಿ ಹಿಂಡದೆ ಇದ್ದರೆ ತಾಯಿಯ ಎದೆಯೂ ಹಾಗೆಯೇ. ಅಂದಮೇಲೆ ಐದನೇ ದಿನ ತಾಯಿಯನ್ನು ಮನೆಗೆ ಕಳುಹಿಸಿ, ಮಗುವನ್ನು ಪೆಟ್ಟಿಗೆಯಲ್ಲಿ ಉಳಿಸಿಕೊಂಡರೆ ಆಗುವುದೇನು? ನಮ್ಮ ಕಡೆಯ ಒಬ್ಬ ಹೆಣ್ಣುಮಗಳಿಗೆ ಆದದ್ದು ಅದೇ. ಹೆಸರು ಬೇಡ, ತೋಟದ ಹೆಸರೂ ಬೇಡ, ಆಸ್ಪತ್ರೆಯ ಹೆಸರೂ ಬೇಡ. ಮಳೆಗಾಲದಲ್ಲಿ ಎಂಟನೇ ತಿಂಗಳಿಗೆ ಹೆರಿಗೆಯಾಯಿತು, ಮಗು ಒಂದೂವರೆ ಕಿಲೋಕ್ಕೂ ಕಡಿಮೆ. "ನೀನು ಡಿಸ್ಚಾರ್ಜ್ ಆಗಿದ್ದಿ, ಮಗು ಮಾತ್ರ ಇಲ್ಲಿರುತ್ತದೆ" ಎಂದರು. ಮಲಗಲು ಮಂಚವಿಲ್ಲ, ವರಾಂಡದಲ್ಲಿ ಎರಡು ರಾತ್ರಿ ಕಳೆದಳು. ಹೊಲಿಗೆ ಹಾಕಿದ ಮೈ. ಬೈಸ್ಟ್ಯಾಂಡರಾಗಿ ನಿಂತ ಅತ್ತೆಗೂ ಕೂಲಿ ತಪ್ಪುತ್ತಿತ್ತು. ಊರಿಗೆ ಬಂದಳು. ಮತ್ತೆ ಹನ್ನೆರಡನೇ ದಿನ ಹೋದಾಗ ಎದೆ ಖಾಲಿ. ಮಗು ಉಳಿಯಿತು, ಹಾಲು ಉಳಿಯಲಿಲ್ಲ. ಅತ್ತ ತೋಟದ ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ಗೈರುಹಾಜರಿಯ ಗೆರೆ ಎಳೆದಿತ್ತು. ಆಮೇಲೆ ಹಾಲಿನ ಪುಡಿಯ ಡಬ್ಬಕ್ಕೆ ತೆತ್ತ ಹಣದ ಲೆಕ್ಕ ಯಾರ ಪುಸ್ತಕದಲ್ಲೂ ಬರೆದಿಲ್ಲ.

ಹಾಲಿನದು ಅರ್ಧ ಕೆಲಸ. ಉಳಿದರ್ಧ ಮೈಶಾಖದ್ದು. 1978ರಲ್ಲಿ ದಕ್ಷಿಣ ಅಮೆರಿಕದ ಕೊಲಂಬಿಯ ದೇಶದ ಬೊಗೋಟಾ ನಗರದಲ್ಲಿ ಎಡ್ಗರ್ ರೇ ಸನಾಬ್ರಿಯಾ ಎಂಬ ಮಕ್ಕಳ ಡಾಕ್ಟರರಿಗೆ ನಮ್ಮ ಆಸ್ಪತ್ರೆಗಳಂತಹದೇ ಕಷ್ಟ ಬಂದಿತ್ತು. ಗಾಜಿನ ಪೆಟ್ಟಿಗೆಗಳು ಕಡಿಮೆ, ಕೂಸುಗಳು ಹೆಚ್ಚು, ಸೋಂಕು ವಿಪರೀತ. ಅವರು ಕೂಸನ್ನು ತಾಯಿಯ ಬರಿಯ ಎದೆಗೆ ಆನಿಸಿ ಬಟ್ಟೆಯಿಂದ ಕಟ್ಟಿಸಿದರು. ಕಾಂಗರೂ ಎಂಬ ಪ್ರಾಣಿ ಮರಿಯನ್ನು ಚೀಲದಲ್ಲಿ ಹೊರುವಂತೆ. ಅದಕ್ಕೆ ಕಾಂಗರೂ ಆರೈಕೆ ಎಂದೇ ಹೆಸರು ಬಂತು. ಬಡವರ ಆಸ್ಪತ್ರೆಯ ಉಪಾಯವೆಂದು ದೊಡ್ಡ ಡಾಕ್ಟರರು ಬಹಳ ಕಾಲ ಅದನ್ನು ಲಘುವಾಗಿ ಕಂಡರು. 2021ರಲ್ಲಿ ಪ್ರಕಟವಾದ ಒಂದು ದೊಡ್ಡ ಪರೀಕ್ಷೆ ಆ ಉದಾಸೀನಕ್ಕೆ ಉತ್ತರ ಕೊಟ್ಟಿದೆ. ಘಾನಾ, ಮಲಾವಿ, ನೈಜೀರಿಯ, ತಾನ್ಜಾನಿಯ ಮತ್ತು ನಮ್ಮ ದೆಹಲಿಯ ಸಫ್ದರ್‌ಜಂಗ್ ಆಸ್ಪತ್ರೆ ಇವುಗಳಲ್ಲಿ ಒಂದು ಕಿಲೋದಿಂದ 1.8 ಕಿಲೋದೊಳಗಿನ 3,211 ಕೂಸುಗಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪನ್ನು ಹುಟ್ಟಿದ ಕೂಡಲೇ ತಾಯಿಯ ಅಥವಾ ಮನೆಯವರೊಬ್ಬರ ಎದೆಗೆ ಕೊಟ್ಟು, ದಿನಕ್ಕೆ ಸುಮಾರು ಹದಿನೇಳು ಗಂಟೆ ಅಲ್ಲೇ ಇಟ್ಟರು. ಇನ್ನೊಂದು ಗುಂಪನ್ನು ಮೊದಲು ಪೆಟ್ಟಿಗೆಯಲ್ಲಿಟ್ಟು, ಸುಧಾರಿಸಿದ ಮೇಲೆ ತಾಯಿಗೆ ಕೊಟ್ಟರು. ಪೆಟ್ಟಿಗೆಯ ಗುಂಪಿನಲ್ಲಿ ಇಪ್ಪತ್ತೆಂಟು ದಿನದೊಳಗೆ ನೂರಕ್ಕೆ ಸುಮಾರು 16 ಮಕ್ಕಳು ತೀರಿಹೋದರೆ, ಎದೆಯ ಗುಂಪಿನಲ್ಲಿ 12. ನೂರಕ್ಕೆ ನಾಲ್ಕು ಜೀವ, ಬಂಧುಗಳೇ! ಯಾವುದಾದರೂ ಕಂಪೆನಿಯ ಮಾತ್ರೆ ಇಷ್ಟು ಜೀವ ಉಳಿಸಿದ್ದರೆ ಊರೂರಲ್ಲಿ ಬೋರ್ಡು ತೂಗಾಡುತ್ತಿತ್ತು. ತಾಯಿಯ ಎದೆಗೆ ಬೋರ್ಡು ಹಾಕುವವರು ಯಾರು? 2022ರ ನವೆಂಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಇಂತಹ ಎಲ್ಲಾ ಮಕ್ಕಳಿಗೂ ಹುಟ್ಟಿದಾಗಿನಿಂದಲೇ ದಿನಕ್ಕೆ ಎಂಟರಿಂದ ಇಪ್ಪತ್ತನಾಲ್ಕು ಗಂಟೆ ಈ ಆರೈಕೆ ಕೊಡಬೇಕೆಂದು ಹೇಳಿತು.

ಎಂಟು ಗಂಟೆ ಎಂದರೆ ತೋಟದಲ್ಲಿ ಒಂದು ಹಾಜರಿ. ರೈಟರೇ, ನೀವು ಕೇಳಿದ ಪ್ರಶ್ನೆಗೆ ಲೆಕ್ಕ ಸಿಕ್ಕಿತೇ?

ಆಸ್ಪತ್ರೆಗಳವರೊಡನೆಯೂ ನಮಗೆ ಮಾತಿದೆ. ನರ್ಸಮ್ಮಂದಿರ ಮೇಲೆ ನಮಗೆ ಸಿಟ್ಟಿಲ್ಲ. ಇಬ್ಬರು ಮಾಡುವ ಕೆಲಸ ಒಬ್ಬರ ತಲೆಗೆ ಬಿದ್ದಿದೆ. ಆದರೆ ನವಜಾತ ಶಿಶುಗಳ ಕೋಣೆಯೊಳಗೆ ತಾಯಿತಂದೆಯರನ್ನು ಸೇರಿಸಿಕೊಂಡು, ಕೈ ತೊಳೆಯಲು ಕಲಿಸಿ, ಆರೈಕೆಯಲ್ಲಿ ಜೊತೆ ಮಾಡಿಕೊಳ್ಳಬೇಕೆಂದು ಕೇಂದ್ರದ ಆರೋಗ್ಯ ಇಲಾಖೆಯೇ 2017ರಲ್ಲಿ ಮಾರ್ಗಸೂಚಿ ಹೊರಡಿಸಿದೆ. ನಮ್ಮ ಕರ್ನಾಟಕದ ಕೊಪ್ಪಳ ಜಿಲ್ಲೆಯಲ್ಲಿ, ಏನೂ ಶ್ರೀಮಂತ ಜಿಲ್ಲೆಯಲ್ಲ ಅದು, ಸರಕಾರಿ ಆಸ್ಪತ್ರೆಗಳಲ್ಲೇ ಕಾಂಗರೂ ಆರೈಕೆಯನ್ನು ಊರ ಮಟ್ಟದವರೆಗೆ ಮಾಡಿ ತೋರಿಸಿದ್ದಾರೆ. ಹಾಗಿರುವಾಗ ಇನ್ನೂ ಕೆಲವು ಕಡೆ ತಾಯಿ ದಿನಕ್ಕೆ ಎರಡು ಸಲ ಗಾಜಿನಾಚೆಯಿಂದ ಇಣುಕಿ ನೋಡುವುದೇಕೆ? 2011ರ ಜೂನ್ 1ರಂದು ಪ್ರಾರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದ ಪ್ರಕಾರ ಸರಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಔಷಧಿ, ರಕ್ತ, ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಹೋಗುವ ವಾಹನ, ಕಾಯಿಲೆಯ ಕೂಸಿನ ಚಿಕಿತ್ಸೆ ಎಲ್ಲವೂ ಪುಕ್ಕಟೆ. ಇದನ್ನು ಕೇಳಿ ಪಡೆಯಬೇಕು, ನಾಚಿಕೆ ಬೇಡ. ಆದರೆ ತಾಯಿಯ ಊಟದ ಲೆಕ್ಕ ನೋಡಿ: ಸಾಧಾರಣ ಹೆರಿಗೆಗೆ ಮೂರು ದಿನ, ಸಿಸೇರಿಯನಿಗೆ ಏಳು ದಿನ. ಮಗು ಮಲಗುವುದು ನಾಲ್ಕು ವಾರ, ಐದು ವಾರ. ಹಾಲು ಕೊಡಬೇಕಾದವಳು ಎಂಟನೇ ದಿನದಿಂದ ಚಹಾ ಮತ್ತು ಬನ್ನಿನಲ್ಲಿ ಹಾಲು ಮಾಡಬೇಕೇನು?

ಇನ್ನು ನಮ್ಮವರು. ಹೊರಗಿನವರನ್ನು ಮಾತ್ರ ಬೈದರೆ ನ್ಯಾಯವಾಗದು. "ಏಳು ತಿಂಗಳದ್ದು ಉಳಿಯುತ್ತದೆ, ಎಂಟು ತಿಂಗಳದ್ದು ಉಳಿಯುವುದಿಲ್ಲ" ಎಂದು ಬಾಣಂತಿಯ ಕಿವಿಗೆ ಬೀಳುವಂತೆ ಹೇಳುವ ಅಜ್ಜಿಯಂದಿರು ನಮ್ಮ ಲೈನುಗಳಲ್ಲಿ ಇನ್ನೂ ಇದ್ದಾರೆ. ಇದು ಶುದ್ಧ ಸುಳ್ಳು. ಹೊಟ್ಟೆಯಲ್ಲಿ ಕಳೆದ ಒಂದೊಂದು ವಾರವೂ ಮಗುವಿಗೆ ಲಾಭವೇ. ಎಂಟು ತಿಂಗಳ ಮಗುವಿಗೆ ಏಳು ತಿಂಗಳ ಮಗುವಿಗಿಂತ ಹೆಚ್ಚು ಬಲವಿರುತ್ತದೆ. ಗಂಡಸರು ಆಸ್ಪತ್ರೆಯ ಗೇಟಿನ ತನಕ ಬಂದು ಬೀಡಿ ಸೇದಿ ಹಿಂತಿರುಗುತ್ತಾರೆ. ಅಣ್ಣಂದಿರೇ, ಕೂಸಿಗೆ ನಿಮ್ಮ ಎದೆಯ ಶಾಖವೂ ಆದೀತು. ತಾಯಿ ಉಣ್ಣುವ, ಮಲಗುವ ಹೊತ್ತಿನಲ್ಲಿ ಅಂಗಿ ಬಿಚ್ಚಿ ಕುಳಿತುಕೊಳ್ಳಿ, ನಗುವವರು ನಗಲಿ. ಮತ್ತೆ "ಎಲ್ಲಾ ದೇವರ ಚಿತ್ತ" ಎಂದು ಹೇಳಿ ಕಿತ್ತಳೆ ಹಣ್ಣು ಕೊಟ್ಟು ಬರುವ ನಮ್ಮ ಪ್ರಾರ್ಥನಾ ಕೂಟದವರಿಗೂ ಒಂದು ಮಾತು. ಫರೋಹನ ಅಪ್ಪಣೆಯನ್ನು ಮೀರಿ ಕೂಸುಗಳನ್ನು ಉಳಿಸಿದ ಐಗುಪ್ತದ ಸೂಲಗಿತ್ತಿಯರ ಕಥೆಯನ್ನು ಓದಿದವರು ನಾವು. ಅವರು ಚಿತ್ತವೆಂದು ಕೈಕಟ್ಟಿ ಕುಳಿತಿದ್ದರೇ? ಹಣ್ಣಿನ ಬದಲು ಮನೆಯಲ್ಲಿರುವ ದೊಡ್ಡ ಮಕ್ಕಳಿಗೆ ಹದಿನೈದು ದಿನ ಗಂಜಿ ಬೇಯಿಸಿ ಹಾಕಿದರೆ ಆ ತಾಯಿ ನಿಶ್ಚಿಂತೆಯಿಂದ ಆಸ್ಪತ್ರೆಯಲ್ಲಿ ಉಳಿದಾಳು.

ದಾರಿಯ ಮಾತನ್ನೂ ಬಿಡುವಂತಿಲ್ಲ. ಅಡೂರಿನಿಂದ ಹೊರಟ ಗರ್ಭಿಣಿಗೆ ಎರಡು ದಿಕ್ಕು. ಮುಳ್ಳೇರಿಯ, ಬೋವಿಕ್ಕಾನ, ಚೆರ್ಕಳವಾಗಿ ಕಾಸರಗೋಡು; ಇಲ್ಲವೇ ಜಾಲ್ಸೂರಿನ ಮೂಲಕ ಸುಳ್ಯ, ಪುತ್ತೂರು. ಮಗು ತೀರಾ ಸಣ್ಣದಾದರೆ ಎರಡೂ ದಾರಿ ಕೊನೆಗೆ ಮಂಗಳೂರಿಗೇ ಮುಟ್ಟುತ್ತವೆ. 2020ರ ಮಾರ್ಚಿನಲ್ಲಿ ಕೊರೋನಾ ಎಂದು ಗಡಿಯ ರಸ್ತೆಗಳಿಗೆ ಮಣ್ಣು ಸುರಿದಾಗ ಏನಾಯಿತೆಂದು ಮರೆತವರುಂಟೇ? ತಲಪಾಡಿಯಲ್ಲಿ ತಡೆದು ಹಿಂದಕ್ಕೆ ಕಳುಹಿಸಿದ ಆಂಬುಲೆನ್ಸಿನಲ್ಲೇ ಹೊರರಾಜ್ಯದ ಒಬ್ಬ ಕೂಲಿ ಹೆಂಗಸಿಗೆ ಹೆರಿಗೆಯಾಯಿತು. ಚಿಕಿತ್ಸೆ ಸಿಗದೆ ಈ ಜಿಲ್ಲೆಯ ಹಲವರು ಸತ್ತರು. ಉಕ್ಕಿನಡ್ಕದ ಮೆಡಿಕಲ್ ಕಾಲೇಜಿಗೆ ಕಲ್ಲು ಹಾಕಿದ್ದು 2013ರ ನವೆಂಬರ್ 30ರಂದು. ಐವತ್ತು ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳಲು ಅನುಮತಿ ಸಿಕ್ಕಿದ್ದು 2025ರಲ್ಲಿ. ಹನ್ನೆರಡು ವರ್ಷ! ಅಲ್ಲಿ ದಿನ ತುಂಬದ ಮಕ್ಕಳಿಗೆ ಪೂರ್ಣ ವ್ಯವಸ್ಥೆ, ತಾಯಂದಿರಿಗೆ ಮಂಚ ಸಹಿತ, ಆಗುವ ತನಕ ನಮ್ಮ ಹೆಣ್ಣುಮಕ್ಕಳು ಎರಡು ರಾಜ್ಯಗಳ ನಡುವೆ ಓಡಾಡುತ್ತಲೇ ಇರಬೇಕು. ಓಟು ಕೇಳಲು ಬಂದವರೊಡನೆ ಕೇಳತಕ್ಕ ಮೊದಲ ಪ್ರಶ್ನೆ ಇದು.

ಈಗ ಕಾನೂನಿಗೆ ಬರೋಣ. ಸ್ವಲ್ಪ ತಾಳ್ಮೆಯಿಂದ ಓದಿ, ಓದು ಬಾರದವರಿಗೆ ಓದಿ ಹೇಳಿ. 1961ರ ಹೆರಿಗೆ ಸೌಲಭ್ಯ ಕಾನೂನಿನಲ್ಲಿದ್ದ ಹಕ್ಕುಗಳು 2025ರ ನವೆಂಬರ್ 21ರಿಂದ ಸಾಮಾಜಿಕ ಸುರಕ್ಷೆಯ ಹೊಸ ಸಂಹಿತೆಯೊಳಗೆ ಬಂದಿವೆ. ಹೆಸರು ಬದಲಾಯಿತೆಂದು ಹಕ್ಕು ಹೋಯಿತೆಂದು ಯಾರಾದರೂ ಹೇಳಿದರೆ ನಂಬಬೇಡಿ. ನಿರೀಕ್ಷಿತ ಹೆರಿಗೆಯ ದಿನದ ಹಿಂದಿನ ಹನ್ನೆರಡು ತಿಂಗಳಲ್ಲಿ 80 ದಿನ ದುಡಿದವಳಿಗೆ ಮೊದಲ ಎರಡು ಮಕ್ಕಳಿಗೆ 26 ವಾರ, ಆಮೇಲಿನ ಮಗುವಿಗೆ 12 ವಾರ ಸಂಬಳ ಸಹಿತ ರಜೆ. ಕಂಟ್ರಾಕ್ಟುದಾರನ ಮೂಲಕ ಬಂದವಳಿಗೂ ಇದು ಸಲ್ಲುತ್ತದೆ. ದಿನಗೂಲಿಯ ಮಸ್ಟರ್ ರೋಲಿನ ಹೆಂಗಸರಿಗೂ ಈ ಹಕ್ಕು ಇದೆಯೆಂದು ದೆಹಲಿ ನಗರಪಾಲಿಕೆಯ ಕೆಲಸಗಾರ್ತಿಯರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2000ದಲ್ಲೇ ತೀರ್ಪು ಕೊಟ್ಟಿದೆ. ಮುಂಚಿತವಾಗಿ ನೋಟೀಸು ಕೊಡಲಿಲ್ಲವೆಂದು ಹಣ ತಡೆಯುವಂತಿಲ್ಲ, ಏಕೆಂದರೆ ದಿನ ತುಂಬದ ಹೆರಿಗೆ ನೋಟೀಸು ಕೊಟ್ಟು ಬರುವುದಿಲ್ಲ! ಹೆರಿಗೆಯಾದ ಮೇಲೆ ಕೊಟ್ಟರೂ ಸಾಕು. ಹೆರಿಗೆಯ ದಾಖಲೆ ಕೊಟ್ಟ 48 ಗಂಟೆಯೊಳಗೆ ಹಣ ಕೊಡತಕ್ಕದ್ದು. ರಜೆಯಲ್ಲಿದ್ದಾಗ ಕೆಲಸದಿಂದ ತೆಗೆಯುವುದು ಅಪರಾಧ. ಆಗ ಆ ಗೈರುಹಾಜರಿಯ ಗೆರೆ ಏನು?

ಆದರೆ ಈ ಕಾನೂನಿನಲ್ಲಿ ಒಂದು ಸಂದು ಇದೆ, ನಮ್ಮ ಮಕ್ಕಳು ಅದರಲ್ಲಿ ಬೀಳುತ್ತಾರೆ. ದಿನ ತುಂಬದ ಹೆರಿಗೆಯಿಂದ ತಾಯಿಗೆ ಕಾಯಿಲೆಯಾದರೆ ಇನ್ನೂ ಒಂದು ತಿಂಗಳ ತನಕ ಸಂಬಳದ ರಜೆ ಉಂಟು. ಇದು ಹಳೆಯ ಕಾನೂನಿನಲ್ಲೂ ಇತ್ತು, ಹೊಸದರಲ್ಲೂ ಇದೆ. ಎಷ್ಟು ತೋಟಗಳಲ್ಲಿ ಕೊಟ್ಟಿದ್ದಾರೆ, ಕೇಳಿ ನೋಡಿ. ಆದರೂ ಅದು ತಾಯಿಯ ಕಾಯಿಲೆಗೆ. ತಾಯಿ ಗಟ್ಟಿಯಾಗಿದ್ದು ಮಗು ಪೆಟ್ಟಿಗೆಯಲ್ಲಿದ್ದರೆ ಒಂದು ದಿನವೂ ಹೆಚ್ಚಿಲ್ಲ. 26 ವಾರವೆಂದರೆ 182 ದಿನ. ನಲವತ್ತು ದಿನ ಆಸ್ಪತ್ರೆಯಲ್ಲೇ ಕಳೆದರೆ ಮನೆಗೆ ಬಂದ ಮೇಲೆ ಉಳಿಯುವುದು 142. ಎಲ್ಲರಿಗಿಂತ ಎಳೆಯ ಮಗುವಿಗೆ ಎಲ್ಲರಿಗಿಂತ ಕಡಿಮೆ ದಿನ ತಾಯಿಯ ಮಡಿಲು! ಕಾಫಿ ಬೆಳೆಯುವ ಬ್ರೆಜಿಲಿನಲ್ಲಿ, ತಾಯಿ ಮಗು ಇಬ್ಬರಲ್ಲಿ ಕೊನೆಯವರು ಆಸ್ಪತ್ರೆಯಿಂದ ಹೊರಬಂದ ದಿನದಿಂದ ರಜೆಯ ಲೆಕ್ಕ ಸುರುವಾಗಬೇಕೆಂದು ಅಲ್ಲಿನ ಸರ್ವೋಚ್ಚ ನ್ಯಾಯಾಲಯ 2022ರಲ್ಲಿ ತೀರ್ಮಾನಿಸಿತು. ಇಂಗ್ಲೆಂಡಿನಲ್ಲಿ 2025ರ ಏಪ್ರಿಲ್ 6ರಿಂದ, ಕೂಸು ಆಸ್ಪತ್ರೆಯಲ್ಲಿದ್ದರೆ ತಾಯಿಗೂ ತಂದೆಗೂ ಹನ್ನೆರಡು ವಾರದ ತನಕ ಬೇರೆ ರಜೆ. ಅಲ್ಲಿನ ಧನಿಗಳು ಅದರಿಂದ ಭಿಕಾರಿಗಳಾದ ಸುದ್ದಿ ಬಂದಿಲ್ಲ.

ನಾಲ್ಕಾರು ಆಳುಗಳ ಅಡಿಕೆ ತೋಟದಲ್ಲಿ ದುಡಿಯುವವಳಿಗಂತೂ ಈ ಕಾನೂನಿನ ನೆರಳೂ ಬೀಳುವುದಿಲ್ಲ. ಅವಳಿಗಿರುವುದು ಮೊದಲ ಮಗುವಿಗೆ ಮಾತೃವಂದನಾ ಯೋಜನೆಯ 5,000 ರೂಪಾಯಿ, ಅದೂ ಕಂತಿನಲ್ಲಿ. ಅವಳ ಪರವಾಗಿ ಪಂಚಾಯತಿನಲ್ಲಿ ಮಾತಾಡುವವರು ನಾವಲ್ಲದೆ ಬೇರೆ ಯಾರು?

ಮುಂದಿನ ಕೂಲಿ ಒಪ್ಪಂದದ ಮಾತುಕತೆಗೆ ಹೋಗುವ ನಮ್ಮ ಮುಖಂಡರು, ಯಾವ ಬಾವುಟದವರೇ ಆಗಲಿ, ದಿನಗೂಲಿಯ ರೂಪಾಯಿಯ ಜೊತೆಗೆ ಈ ಒಂದು ಕಲಮನ್ನೂ ಮೇಜಿನ ಮೇಲಿಡಬೇಕು: ಮಗು ಆಸ್ಪತ್ರೆಯಲ್ಲಿದ್ದಷ್ಟು ದಿನ ತಾಯಿಗೆ ಬೇರೆ ಹಾಜರಿ, 26 ವಾರದಿಂದ ಕಳೆಯಬಾರದು. ತಾಯಂದಿರೇ, ನೀವು ಅಲ್ಲಿಯತನಕ ಕಾಯಬೇಡಿ. ಮಗುವಿನ ಡಿಸ್ಚಾರ್ಜ್ ಚೀಟಿ, ತೂಕ ಬರೆದ ಕಾಗದ, ಆಸ್ಪತ್ರೆಗೆ ಸೇರಿಸಿದ ದಿನ ಇವನ್ನು ಜೋಪಾನವಾಗಿಟ್ಟು, ನಕಲು ಮಾಡಿಸಿ ನಮ್ಮ ಕೈಗೆ ಕೊಡಿ. ಮಂಗಳೂರಿನಲ್ಲಿ ಮಗು ಮಲಗಿದ್ದರೆ ಯಾರ ಮೂಲಕವಾದರೂ ಹೇಳಿ ಕಳುಹಿಸಿ, ಬಸ್ಸಿನಲ್ಲಿ ಬರುವವರು ನಮ್ಮಲ್ಲಿದ್ದಾರೆ. ತೋಟದ ಆಫೀಸಿಗೆ ಅರ್ಜಿಯನ್ನು ನಾವು ಬರೆದು ಕೊಡುತ್ತೇವೆ, ಹೆಬ್ಬೆಟ್ಟಾದರೂ ಸರಿ, ಸಹಿಯಾದರೂ ಸರಿ.