50 ಕೆಬಿ ಮಿತಿ ಯಾರ ರಕ್ಷಣೆಗೆ?

ಫೋಟೊ 50 ಕೆಬಿ ಒಳಗಿರಬೇಕು, ದಾಖಲೆ 100 ಕೆಬಿ ದಾಟಬಾರದು. ಆನ್‌ಲೈನ್ ಅರ್ಜಿಗಳ ಇಂಥ ನಿಯಮಗಳಿಗೆ ನಾವೆಲ್ಲ ತಲೆಯಾಡಿಸಿಕೊಂಡೇ ಬಂದಿದ್ದೇವೆ. ಯಾಕೆ ಅಂತ ಕೇಳಿದ್ದೇವಾ?

ಕೇಳಿದರೆ ಉತ್ತರ ಒಂದೇ: ಸರ್ವರ್‌ಗೆ ಹೊರೆ. ಬ್ಯಾಂಕ್ ಕೌಂಟರಿನಲ್ಲಿ ಕೂರುವ ನಮಗೆ ಲೆಕ್ಕ ಬರುತ್ತದೆ, ಹಾಕೋಣ. ಸರ್ವರ್ ಚಿತ್ರವನ್ನು ಬಿಚ್ಚಿದಾಗ ಪ್ರತಿ ಪಿಕ್ಸೆಲ್‌ಗೆ ಸುಮಾರು 3 ಬೈಟ್ ಮೆಮೊರಿ ಬೇಕು. 10,000 × 10,000 ಅಳತೆಯ, ಬರೀ ಬಿಳಿ ಬಣ್ಣದ ಪಿಎನ್‌ಜಿ ಫೈಲು 50 ಕೆಬಿ ಒಳಗೇ ಕೂರುತ್ತದೆ. ಬಣ್ಣದ ಚಿತ್ರವಾಗಿ ಬಿಚ್ಚಿದರೆ 10 ಕೋಟಿ ಪಿಕ್ಸೆಲ್, ಅಂದರೆ 300 ಎಂಬಿ! ಕೇಡು ಬಯಸಿ ಬಂದವನಿಗೆ ನಿಮ್ಮ 50 ಕೆಬಿ ಬೇಲಿ ಲೆಕ್ಕಕ್ಕೇ ಇಲ್ಲ. ಸಿಕ್ಕಿಬೀಳುವವರು ಮೊಬೈಲಿನಲ್ಲಿ ಪ್ರಾಮಾಣಿಕವಾಗಿ ಫೋಟೊ ತೆಗೆದವರು.

ಅವರೇನು ಮಾಡುತ್ತಾರೆ? ಯಾವುದೋ ಉಚಿತ ವೆಬ್‌ಸೈಟಿಗೆ ಆಧಾರ್, ಪಾಸ್‌ಬುಕ್ ಹಾಕಿ ಕುಗ್ಗಿಸುತ್ತಾರೆ. ಓಟಿಪಿ ಯಾರಿಗೂ ಹೇಳಬೇಡಿ ಅಂತ ನಾವು ದಿನಾ ಬಡಕೊಳ್ಳುತ್ತೇವೆ, ಇಲ್ಲಿ ನಿಯಮವೇ ದಾಖಲೆಯನ್ನು ಅಪರಿಚಿತರ ಕೈಗೆ ತಳ್ಳುತ್ತಿದೆ.

ಗಡಿಯಾಚೆಯ ನಮಗೆ ಇನ್ನೊಂದು ಪೆಟ್ಟು. ಅಜ್ಜನ ಕಾಲದ ಕನ್ನಡ ಕೈಬರಹದ ಜಮೀನು ಪತ್ರವನ್ನು 100 ಕೆಬಿಗೆ ಹಿಂಡಿದರೆ ಮೊದಲು ಅಳಿಸಿಹೋಗುವುದು ಒತ್ತಕ್ಷರ. ಕನ್ನಡ ಬಾರದ ಅಧಿಕಾರಿ ಅದನ್ನು ಊಹಿಸಿ ಓದುತ್ತಾನಾ? ಅನುವಾದ ಮಾಡುವವರಿಗೂ ಕಾಣುವುದಿಲ್ಲ. ಕೊನೆಗೆ "ದಾಖಲೆ ಅಸ್ಪಷ್ಟ" ಅಂತ ಅರ್ಜಿ ವಾಪಸ್.

ಮಿತಿಯೇ ಬೇಡ ಅನ್ನುತ್ತಿಲ್ಲ, ಸರಿಯಾದ ಜಾಗದಲ್ಲಿ ಇಡಿ ಅನ್ನುತ್ತೇವೆ. ಎನ್‌ಜಿನ್‌ಎಕ್ಸ್ ಸರ್ವರ್ ತಾನಾಗಿ ಒಪ್ಪುವುದು 1 ಎಂಬಿ, ಪಿಎಚ್‌ಪಿ 2 ಎಂಬಿ. ಇವೆರಡೂ ಒಂದೊಂದು ಸಾಲು ತಿದ್ದಿದರೆ ಬದಲಾಗುವ ಅಂಕಿಗಳು, ಶಾಸನವಲ್ಲ. 10 ಎಂಬಿವರೆಗೆ ಬಿಡಿ. ಉದ್ದ-ಅಗಲ ಫೈಲಿನ ಆರಂಭದಲ್ಲೇ ಬರೆದಿರುತ್ತದೆ. ಬಿಚ್ಚುವ ಮೊದಲೇ ಅದನ್ನು ಓದಿ, ಪಿಕ್ಸೆಲ್ ಮಿತಿ ಮೀರಿದರೆ ತಿರಸ್ಕರಿಸಿ. ಪೈಥಾನಿನ ಪಿಲ್ಲೋ ಸುಮಾರು 8.9 ಕೋಟಿ ಪಿಕ್ಸೆಲ್ ದಾಟಿದರೆ ತಾನೇ ಎಚ್ಚರಿಸುತ್ತದೆ. ಮುಖದ ಫೋಟೊಗೊಂದು ಮಿತಿ, ದಾಖಲೆಗೊಂದು ಮಿತಿ ಇರಲಿ. ಕುಗ್ಗಿಸುವ ಕೆಲಸ ಸರ್ವರ್ರೇ ಮಾಡಲಿ, ಅಕ್ಷರ ಓದಲು ಬರುವಷ್ಟು ಉಳಿಸಿ.

ಸ್ನೇಹಿತರೇ, ಮುಂದಿನ ಸಲ ಫೈಲು ತಿರಸ್ಕಾರವಾದರೆ ಸುಮ್ಮನೆ ಅಂಗಡಿಗೆ ಓಡಬೇಡಿ. ಸ್ಕ್ರೀನ್‌ಶಾಟ್ ತೆಗೆದು ಆ ಇಲಾಖೆಗೇ ದೂರು ಬರೆಯಿರಿ. ಯಂತ್ರ ಮಾಡಬೇಕಾದ ಕೆಲಸವನ್ನು ಜನರ ತಲೆಗೆ ಕಟ್ಟುವುದು ಸಾಕು.