ತಿರುಗಿಸಿದವರ ಹೆಸರಿದೆ, ಹಾಕಿದವಳ ಹೆಸರೆಲ್ಲಿ?

ದೀಪಾವಳಿ ಹತ್ರ ಬಂತಂದ್ರೆ ನಮ್ಮೆಲ್ಲರ ಫೋನಲ್ಲಿ ರಂಗೋಲಿಗಳು ತಿರುಗೋಕೆ ಶುರು. ಹೂವಿನ ಹಂಗೆ ಅರಳುತ್ತೆ, ಮುದುಡುತ್ತೆ, ಮತ್ತೆ ಅರಳುತ್ತೆ. ಕೆಳಗೆ ಶುಭಾಶಯ, ಅದರ ಕೆಳಗೆ ಯಾವುದೋ ಅಂಗಡಿ ಹೆಸರು, ಫೋನ್ ನಂಬರು. ನೋಡೋಕೆ ಚಂದ, ಇಲ್ಲ ಅನ್ನಲ್ಲ. ನನ್ನ ಜಗಳ ಇರೋದು ಆ ಕೆಳಗಿನ ಹೆಸರಿನ ಹತ್ರ.

ಹೋದ ವರ್ಷ ನನ್ನ ಓರಗಿತ್ತಿ ಅಂಗಳದಲ್ಲಿ ಹಾಕಿದ ರಂಗೋಲಿ ಹಿಂಗೇ ಊರೆಲ್ಲ ಸುತ್ತಿ ನಮ್ಮ ಗ್ರೂಪಿಗೇ ವಾಪಸ್ ಬಂತು. ಅದು ಅವಳದ್ದೇ ಅಂತ ಹೆಂಗೆ ಗೊತ್ತಾಯ್ತು ಅಂದ್ರೆ, ಅವತ್ತು ಕೆಂಪು ಪುಡಿ ಸಾಲದೆ ಒಂದೇ ಒಂದು ಎಸಳಿಗೆ ಕುಂಕುಮ ತುಂಬಿದ್ದಳು. ಆ ಒಂದು ಎಸಳು ಈಗ ಆರಾಗಿ ಅರಳ್ತಿತ್ತು! ಕೆಳಗೆ ಪೇಟೆಯ ಒಂದು ಅಂಗಡಿ ಹೆಸರು. ಗ್ರೂಪಲ್ಲಿ ಎಲ್ಲರೂ "ಯಾರು ಮಾಡಿದ್ರೋ, ಏನು ಕೈಚಳಕ" ಅಂತ ಹೊಗಳಿದ್ದೇ ಹೊಗಳಿದ್ದು. ಹಾಕಿದವಳು ಒಳಗೆ ಕಜ್ಜಾಯ ಬೇಯಿಸ್ತಿದ್ದಳು. ನಾನು ಕೇಳಿದ್ದಕ್ಕೆ ಮನೆ ಹುಡುಗನೊಬ್ಬ, "ದೊಡ್ಡಮ್ಮ, ರಂಗೋಲಿ ಯಾರ ಸ್ವತ್ತೂ ಅಲ್ಲ, ಎಫೆಕ್ಟ್ ಕೊಟ್ಟಿದಾರಲ್ಲ, ಅದೇ ಕೆಲಸ" ಅಂದ.

ಆ ಎಫೆಕ್ಟ್ ಅನ್ನೋದು ಏನು ಅಂತ ನೋಡೇಬಿಡೋಣ ಅಂತ ಕೂತೆ. ಪಿಯುಸಿವರೆಗೆ ಓದಿದ್ದೀನಿ, ಅಷ್ಟು ಸಾಕಾಯ್ತು. ಅದರ ಹೆಸರು ಕೆಲಿಡೋಸ್ಕೋಪ್. ನಾವು ಚಿಕ್ಕವರಿದ್ದಾಗ ಮೂರು ಗಾಜಿನ ಪಟ್ಟಿ ಸೇರಿಸಿ ಕಟ್ಟಿ, ಒಳಗೆ ಒಡೆದ ಬಳೆಚೂರು ಹಾಕಿ ಕಣ್ಣಿಗಿಟ್ಟು ತಿರುಗಿಸ್ತಿದ್ವಲ್ಲ, ಅದೇ. ಎರಡು ಕನ್ನಡಿಯನ್ನ 60 ಡಿಗ್ರಿಗೆ ನಿಲ್ಲಿಸಿದ್ರೆ ನಡುವೆ ಇರೋ ಚೂರು ಆರು ಕಡೆ ಕಾಣುತ್ತೆ. ಕಂಪ್ಯೂಟರ್ ಮಾಡೋದೂ ಇಷ್ಟೇ, ಕನ್ನಡಿ ಬದಲು ಲೆಕ್ಕ. ಜಿಂಪ್ ಅಂತ ಒಂದು ತಂತ್ರಾಂಶ ಇದೆ, ದುಡ್ಡು ಕೊಡಬೇಕಿಲ್ಲ. ಫೋಟೋ ಹಾಕಿ ಅದರ 24 ಪದರ ಮಾಡಿಕೊಳ್ಳೋದು. ಒಂದೊಂದು ಪದರವನ್ನ ಹಿಂದಿನದಕ್ಕಿಂತ 15 ಡಿಗ್ರಿ ಜಾಸ್ತಿ ತಿರುಗಿಸೋದು, 24 ಆಗೋಷ್ಟರಲ್ಲಿ ಒಂದು ಸುತ್ತು ಮುಗಿಯುತ್ತೆ. ಒಂದೊಂದಕ್ಕೂ ಕೆಲಿಡೋಸ್ಕೋಪ್ ಅನ್ನೋ ಫಿಲ್ಟರ್, ಕನ್ನಡಿ ಆರು ಅಂತ ಕೊಡೋದು. ಕೊನೆಗೆ ಗಿಫ್ ಮಾಡುವಾಗ ಅನಿಮೇಷನ್ ಅಂತ ಗುರುತು ಹಾಕಿ, ಪದರಕ್ಕೆ 100 ಮಿಲಿಸೆಕೆಂಡ್ ಇಟ್ರೆ ಹತ್ತಿರ ಹತ್ತಿರ ಎರಡೂವರೆ ಸೆಕೆಂಡಿಗೆ ಒಂದು ಸುತ್ತು. ಒಂದು ಮಧ್ಯಾಹ್ನದ ಕೆಲಸ. ಕೆಲಸ ಅಲ್ಲ ಅಂತ ನಾನು ಹೇಳಲ್ಲ, ತಾಳ್ಮೆ ಬೇಕು. ಆದ್ರೆ ಅದೇ ಎಲ್ಲ ಅಲ್ಲ.

ಯಾಕೆ ಅಂತ ಕೇಳಿ. 15 ಚುಕ್ಕಿ, 8ರವರೆಗೆ, ಸಂದು ಚುಕ್ಕಿ ಇಟ್ರೆ ಒಟ್ಟು 169 ಚುಕ್ಕಿ ಆಗುತ್ತೆ, ಬೇಕಾದ್ರೆ ಎಣಿಸಿ ನೋಡಿ. ಆಕಾರ ಆರು ಮೂಲೆ. ಒಂದು ಮೂಲೆಯಲ್ಲಿ ಎಳೆದ ಎಳೆಯನ್ನ ಉಳಿದ ಐದು ಮೂಲೆಯಲ್ಲೂ ಹಾಗೇ ಎಳೀಬೇಕು, ಕನ್ನಡಿ ಇಲ್ಲದೆ, ಬಗ್ಗಿದ ಸೊಂಟದಲ್ಲಿ, ಇನ್ನೂ ಬೆಳಕು ಹರಿಯದ ಹೊತ್ತಲ್ಲಿ. ನಾನು ಮಾಡಿ ನೋಡಿದ್ದು ಒಂದು ತಮಾಷೆ ಹೇಳ್ತೀನಿ. ಆರೂ ಕಡೆ ಸಮವಾಗಿ ಬಿದ್ದ ರಂಗೋಲಿಯ ನಡುವಿಗೇ ಆ ಕನ್ನಡಿ ಫಿಲ್ಟರನ್ನ ಸರಿಯಾಗಿ ಹೊಂದಿಸಿ ಕೂರಿಸಿದ್ರೆ, ಬರೋದು ಅದೇ ರಂಗೋಲಿ! ಕಂಪ್ಯೂಟರಿಗೆ ಮಾಡೋಕೆ ಏನೂ ಉಳಿದಿರಲ್ಲ. ಅವಳ ಬೆರಳು ಮೊದಲೇ ಮಾಡಿ ಮುಗಿಸಿರುತ್ತೆ. ಅದಕ್ಕೇ ಇವರು ನಡುವನ್ನ ಪಕ್ಕಕ್ಕೆ ಸರಿಸಿ, ಬೇರೆ ಏನೋ ಕಾಣೋ ಹಂಗೆ ಮಾಡಿ ನಮ್ಮ ಕೆಲಸ ಅಂತಾರೆ.

ಆ ಕೊಳವೆ ಕಂಡುಹಿಡಿದವನಿಗೂ ಇದೇ ಗತಿ ಆಯ್ತು ಅಂತ ಓದಿದೆ. ಸ್ಕಾಟ್ಲೆಂಡಿನ ಡೇವಿಡ್ ಬ್ರೂಸ್ಟರ್. 1817ರಲ್ಲಿ ಪೇಟೆಂಟ್ ತಗೊಂಡ. ಅಷ್ಟರಲ್ಲಿ ನೋಡಿದವರೆಲ್ಲ ಮಾಡಿ ಮಾರಿದ್ರು, ಜನ ಮುಗಿಬಿದ್ದು ಕೊಂಡ್ರು, ಅವನಿಗೆ ಹೇಳಿಕೊಳ್ಳೋ ಅಂಥ ದುಡ್ಡೇನೂ ಬರಲಿಲ್ಲ. ಆದ್ರೂ ಹೆಸರು ಉಳೀತು ನೋಡಿ. ನಮಗೆ ಎರಡೂ ಇಲ್ಲ.

ಚುಕ್ಕಿ ಲೆಕ್ಕ ಅಜ್ಜಿಯರಿಂದ ಬಂದಿದ್ದು, ಯಾರ ಸ್ವತ್ತೂ ಅಲ್ಲ, ಇದನ್ನ ನಾನೂ ಒಪ್ತೀನಿ. ಸಾರು ಮಾಡೋ ವಿಧಾನವೂ ಎಲ್ಲರದ್ದೇ. ಹಂಗಂತ ನಮ್ಮನೆ ಒಲೆ ಮೇಲಿನ ಸಾರಿನ ಪಾತ್ರೆ ಎತ್ಕೊಂಡು ಹೋಗಿ ಹೋಟೆಲಿನವರು ತಮ್ಮ ಬೋರ್ಡಿನ ಕೆಳಗೆ ಬಡಿಸಬಹುದಾ?

ಹುಡುಗರಿಗಿಂತ ನನಗೆ ಸಿಟ್ಟು ಬರೋದು ನಮ್ಮ ಹೆಂಗಸರ ಮೇಲೆ. "ಅಯ್ಯೋ ಬಿಡಕ್ಕ, ಮಧ್ಯಾಹ್ನಕ್ಕೆ ಅಳಿಸಿ ಹೋಗೋದಕ್ಕೆ ಹೆಸರೇನು" ಅಂತ ಓರಗಿತ್ತಿಯೇ ಅಂದಳು. ನೆಲದ ಮೇಲೆ ಇರೋವರೆಗೆ ಆ ಮಾತು ಸರಿ. ಮಕ್ಕಳು ತುಳಿದ್ರು, ನಾಯಿ ಮಲಗಿತು, ನಾಳೆ ಸಾರಿಸಿ ಹೊಸದು ಹಾಕಿದ್ವಿ. ಆದ್ರೆ ಫೋಟೋ ಅಳಿಸಿ ಹೋಗಲ್ಲ ಕಣೇ. ಅದು ಇನ್ನೊಬ್ಬರ ಹೆಸರು ಹೊತ್ಕೊಂಡು ವರ್ಷಗಟ್ಟಲೆ ತಿರುಗ್ತಾ ಇರುತ್ತೆ. "ನಮ್ಮ ಹೆಸರು ನಾವೇ ಬರ್ಕೊಂಡ್ರೆ ಜಂಬ ಅಂತಾರೆ" ಅನ್ನೋರೂ ಇದ್ದೀರಿ. ನಮ್ಮ ತಾಲ್ಲೂಕಲ್ಲೇ ಅಮೃತಾಪುರದ ದೇವಸ್ಥಾನ ಇದೆ, 1196ರದ್ದು. ಒಳಗೆ ಹೋದವರು ಸ್ವಲ್ಪ ತಲೆ ಎತ್ತಿ ಛಾವಣಿ ನೋಡಿ, ಕಲ್ಲಲ್ಲಿ ಬಿಡಿಸಿದ ರಂಗೋಲಿ ಥರಾನೇ ಇದೆ. ಅಲ್ಲಿ ಕೆಲಸ ಕಲಿತು ಮುಂದೆ ದೊಡ್ಡ ಶಿಲ್ಪಿ ಆದವನು ಮಲ್ಲಿತಮ್ಮ ಅಂತಾರೆ. ಸೋಮನಾಥಪುರದಲ್ಲಿ ತಾನು ಕೆತ್ತಿದ ಮೂರ್ತಿಗಳ ಕೆಳಗೆ ಹೆಸರು ಕೊರೆದಿದ್ದಾನೆ, ಕೆಲವು ಕಡೆ ಚಿಕ್ಕದಾಗಿ ಮಲ್ಲಿ ಅಂತ. ದೇವರ ಕೆಲಸಕ್ಕೇ ಅವನು ಹೆಸರು ಹಾಕ್ದ. ಅವನಿಗೆ ಯಾರೂ ಜಂಬ ಅನ್ನಲಿಲ್ಲ.

ಈ ಸಲದಿಂದ ನಮ್ಮ ಗ್ರೂಪಲ್ಲಿ ಯಾರದ್ದೋ ಅಂಗಡಿ ಹೆಸರಿನ ತಿರುಗೋ ರಂಗೋಲಿ ಬಂದ್ರೆ ನಾನಂತೂ "ಹಾಕಿದವರು ಯಾರು" ಅಂತ ಕೇಳೇ ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ತಿರುಗೋದೇ ಬೇಕು ಅನ್ನೋರು ಮನೆಗೆ ಬನ್ನಿ, ನಿಮ್ಮ ರಂಗೋಲಿ ಫೋಟೋ ತನ್ನಿ, ಊಟ ಆದಮೇಲೆ ಕೂತು ಮಾಡೋಣ. ಫೋಟೋ ಸ್ವಲ್ಪ ದೂರದಿಂದ ತೆಗೀರಿ, ಇಲ್ಲಾಂದ್ರೆ ತಿರುಗಿಸುವಾಗ ಮೂಲೆಗಳು ಖಾಲಿ ಬರುತ್ತೆ. ಹೆಸರನ್ನ ಮಾತ್ರ ಮೂಲೆಯಲ್ಲಿ ಬರೀಬೇಡಿ, ಕತ್ತರಿಸಿ ಬಿಸಾಕ್ತಾರೆ. ನಡುವಿನ ಹೂವಿನ ಒಳಗೇ ರಂಗೋಲಿ ಪುಡಿಯಲ್ಲಿ ಬರೀರಿ. ಆಮೇಲೆ ಯಾರಾದ್ರೂ ಕದ್ದು ಕನ್ನಡಿ ಹಾಕಿದ್ರೆ ಅಕ್ಷರ ಆರು ತುಂಡಾಗಿ ತಿರುವುಮುರುವಾಗಿ ಕಾಣುತ್ತೆ, ಅದನ್ನ ಮುಚ್ಚಬೇಕಂದ್ರೆ ಅವರು ದೀಪದ ಚಿತ್ರವನ್ನೇ ತಂದು ಮೇಲೆ ಅಂಟಿಸಬೇಕು.